ಯಹೂದಿ ಮನೆಯ ಹೆಣ್ಣು ಮಗುವಿಗೆ ಹೆಸರಿಡುವ ದಿನ: ಮಾಡುವವರಿಗೂ ಹೋಗುವವರಿಗೂ

ಯಹೂದಿ ಮನೆಯಲ್ಲಿ ಹೆಣ್ಣು ಮಗುವಿಗೆ ಹೆಸರಿಡುವಾಗ ಏನೇನು ಮಾಡಬೇಕು? ಎರಡು ಥರದ ಜನ ನನ್ನನ್ನು ಈ ಒಂದೇ ಪ್ರಶ್ನೆ ಕೇಳುತ್ತಾರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದು, ಯಹೂದಿ ಗೆಳೆಯರಿಂದ "ಮಗಳಿಗೆ ಹೆಸರಿಡ್ತಿದ್ದೀವಿ, ಬನ್ನಿ" ಅಂತ ಕರೆ ಬಂದಿರುವವರು ಒಂದು ಕಡೆ. ಮನೆಗೇ ಯಹೂದಿ ಸೊಸೆಯೋ ಅಳಿಯನೋ ಬಂದು, ಈಗ ಮೊಮ್ಮಗಳ ಸಮಾರಂಭಕ್ಕೆ ಕೈ ಜೋಡಿಸಬೇಕಾದವರು ಇನ್ನೊಂದು ಕಡೆ. ನನ್ನ ಅತ್ತಿಗೆ ಯಹೂದಿ. ನ್ಯೂಜೆರ್ಸಿಯಲ್ಲಿ ಅಣ್ಣನ ಮಗಳಿಗೆ ಹೆಸರಿಟ್ಟಾಗ ಸೋದರತ್ತೆಯಾಗಿ ಮೊದಲಿಂದ ಕೊನೆವರೆಗೂ ಜೊತೆಗಿದ್ದೆ. ಆಮೇಲೆ ಅವರ ಗೆಳೆಯರ ಮನೆಗಳಲ್ಲೂ ಕೆಲವು ಸಲ ಅಡುಗೆಮನೆಯಲ್ಲಿ ನಿಂತಿದ್ದೇನೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ವಿಷಯ ಮನಸ್ಸಲ್ಲಿರಲಿ. ಗಂಡು ಮಗು ಹುಟ್ಟಿದರೆ ಯಹೂದಿಗಳಲ್ಲಿ ಎಲ್ಲವೂ ನಿಗದಿ. ಎಂಟನೇ ದಿನ ಸುನ್ನತಿ, ಅದಕ್ಕೆ 'ಬ್ರಿತ್ ಮಿಲಾ' ಅಂತ ಹೆಸರು, ಅದೇ ದಿನ ಮಗುವಿಗೂ ಹೆಸರು. ಹೆಣ್ಣು ಮಗುವಿಗೆ ಅಂಥ ಕಡ್ಡಾಯದ ದಿನವಿಲ್ಲ, ಎಲ್ಲರೂ ಒಪ್ಪಿದ ಒಂದೇ ಕ್ರಮವೂ ಇಲ್ಲ. ಹಿಂದೆಲ್ಲ ತಂದೆ ಸಿನಗಾಗಿಗೆ (ಪ್ರಾರ್ಥನಾ ಮಂದಿರ) ಹೋಗಿ, ಟೋರಾ (ಯಹೂದಿಗಳ ಪವಿತ್ರ ಗ್ರಂಥ) ಓದುವಾಗ ಮುಂದೆ ಬಂದು ನಿಂತು, ಮಗಳ ಹೆಸರು ಹೇಳಿಸಿಕೊಂಡು ಬರುತ್ತಿದ್ದರು. ಎಷ್ಟೋ ಸಲ ತಾಯಿ, ಮಗು ಇಬ್ಬರೂ ಅಲ್ಲಿ ಇರುತ್ತಲೇ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಯಹೂದಿ ಹೆಣ್ಣುಮಕ್ಕಳು ಇದನ್ನು ಪ್ರಶ್ನಿಸಿ, ಮಗಳಿಗೂ ಪೂರ್ತಿ ಸಮಾರಂಭ ಬೇಕು ಅಂತ ಹೊಸ ಕ್ರಮಗಳನ್ನು ಬರೆದರು. ಈಗ ನಡೆಯುವುದು ಹಳೆಯದು ಹೊಸದು ಎರಡೂ ಸೇರಿದ ರೂಪ. ಆದರೂ ಕಡ್ಡಾಯವಿಲ್ಲ ಅನ್ನುವ ಕಾರಣಕ್ಕೇ "ಆಮೇಲೆ ಮಾಡೋಣ" ಅಂತ ಮುಂದೂಡಿ ಮುಂದೂಡಿ ಬಿಟ್ಟೇಬಿಟ್ಟ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಗ ಹುಟ್ಟಿದ್ದರೆ ಎಂಟನೇ ದಿನಕ್ಕೆ ಮನೆ ತುಂಬ ಜನ ಸೇರುತ್ತಿದ್ದರು, ಅಲ್ವಾ? ಮಗಳಿಗೂ ಅಷ್ಟೇ ಜನ ಸೇರಲಿ.

ಈ ಸಮಾರಂಭಕ್ಕೆ ಮೂರು ಹೆಸರು ಕೇಳುತ್ತೀರಿ. 'ಸಿಮ್ಹತ್ ಬತ್' ಅಂದರೆ ಮಗಳು ಬಂದ ಸಂತೋಷ. 'ಝೆವೆದ್ ಹಬತ್' ಅಂದರೆ ಮಗಳೆಂಬ ಉಡುಗೊರೆ. 'ಬ್ರಿತ್ ಬತ್' ಅಂದರೆ ಮಗಳ ಒಡಂಬಡಿಕೆ, ದೇವರ ಜೊತೆಗಿನ ಒಪ್ಪಂದ. ಕರೆಯೋಲೆಯಲ್ಲಿ ಯಾವುದಿದ್ದರೂ ಹೆಚ್ಚೂಕಡಿಮೆ ಒಂದೇ ಕಾರ್ಯಕ್ರಮ.

1. ಯಾವ ಪದ್ಧತಿಯ ಮನೆ, ತಿಳಿದುಕೊಳ್ಳಿ

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಜರ್ಮನಿ, ಪೋಲೆಂಡ್, ರಷ್ಯಾ ಕಡೆಯ ಯಹೂದಿಗಳು ಅಶ್ಕೆನಾಝಿಗಳು. ಸ್ಪೇನಿನ ಮೂಲದವರು ಸೆಫಾರ್ದಿಗಳು. ಇರಾಕ್, ಇರಾನ್, ಯೆಮನ್ ಕಡೆಯವರು ಮಿಝ್ರಾಹಿಗಳು. ನಮ್ಮ ಪಕ್ಕದ ಕೊಂಕಣ ತೀರದವರು ಬೆನೆ ಇಸ್ರೇಲ್ ಯಹೂದಿಗಳು, ಮನೆಮಾತು ಮರಾಠಿ. ಇವರ ಮನೆಯ ಶುಭಕಾರ್ಯದಲ್ಲಿ 'ಮಲೀದಾ' ಅಂತ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಸಿಹಿ, ಕಾಯಿತುರಿ ಬೆರೆಸಿ, ತಟ್ಟೆಯಲ್ಲಿ ಹಣ್ಣುಗಳ ಜೊತೆ ಇಟ್ಟು, ಪ್ರವಾದಿ ಎಲೀಯನನ್ನು ನೆನೆಯುತ್ತಾರೆ. ನಮ್ಮ ಸಿಹಿ ಅವಲಕ್ಕಿ ತಿಂದವರಿಗೆ ಅದರ ರುಚಿ ಹೊಸದೇನೂ ಅನ್ನಿಸುವುದಿಲ್ಲ.

ಇದರ ಜೊತೆಗೆ ಎಷ್ಟು ಮಡಿ ಅನ್ನುವುದು ಬೇರೆ ಲೆಕ್ಕ. ಆರ್ಥೊಡಾಕ್ಸ್ ಅಂದರೆ ಕಟ್ಟುನಿಟ್ಟು. ಕನ್ಸರ್ವೇಟಿವ್ ನಡುವಿನ ದಾರಿ. ರಿಫಾರ್ಮ್ ಹೆಚ್ಚು ಸಡಿಲ. ಒಂದೇ ಮನೆಯಲ್ಲಿ ಅಜ್ಜಿ ಒಂದು ಥರ, ಮಗಳು ಒಂದು ಥರ ಇರುವುದೂ ಉಂಟು.

ಮಿಶ್ರ ಮದುವೆಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಲೆಕ್ಕದಲ್ಲಿ ತಾಯಿ ಯಹೂದಿಯಾದರೆ ಮಗು ಯಹೂದಿ. ತಾಯಿ ಕನ್ನಡದವಳಾಗಿ ತಂದೆ ಯಹೂದಿಯಾದರೆ ಅವರು ಮಗುವಿಗೆ ಮತಾಂತರದ ವಿಧಿ ಬೇಕು ಅನ್ನುತ್ತಾರೆ. ಹೆಣ್ಣು ಮಗುವಿಗೆ ಅದು 'ಮಿಕ್ವೆ' ಅನ್ನುವ ಸ್ನಾನದ ಕೊಳದಲ್ಲಿ ಮುಳುಗಿಸುವುದು. ಅಮೆರಿಕದ ರಿಫಾರ್ಮ್ ಪಂಥ 1983ರಿಂದ, ಮಗುವನ್ನು ಯಹೂದಿಯಾಗಿ ಬೆಳೆಸುವುದಾದರೆ ತಂದೆಯ ಕಡೆಯಿಂದಲೂ ಒಪ್ಪುತ್ತದೆ. ಹೆತ್ತವರು ಈ ಮಾತನ್ನು ರಬ್ಬಿಯ (ಯಹೂದಿ ಧರ್ಮಗುರು) ಹತ್ತಿರ ಹೆರಿಗೆಗೆ ಮುಂಚೆಯೇ ಆಡಿಕೊಳ್ಳಲಿ. ಜನ ಸೇರಿದ ದಿನ ಇದು ಎದ್ದರೆ ಬಾಣಂತಿಯ ಕಣ್ಣಲ್ಲಿ ನೀರು ಬರುತ್ತದೆ.

2. ದಿನ ಗೊತ್ತುಮಾಡಿ

ಎಂಟನೇ ದಿನ, ಹದಿನೈದನೇ ದಿನ, ತಿಂಗಳು ತುಂಬಿದ ಮೇಲೆ, ಯಾವಾಗ ಬೇಕಾದರೂ ಮಾಡಬಹುದು. ನನ್ನ ಮಟ್ಟಿಗೆ ತಿಂಗಳ ನಂತರವೇ ಒಳ್ಳೆಯದು. ತಾಯಿಗೆ ಕೂರಲು ನಿಲ್ಲಲು ಆಗುತ್ತದೆ, ಮಗುವೂ ಸ್ವಲ್ಪ ಗಟ್ಟಿಯಾಗಿರುತ್ತದೆ. ಸಿನಗಾಗಿನಲ್ಲೇ ಮಾಡುವುದಾದರೆ ಟೋರಾ ಓದುವ ದಿನವೇ ಆಗಬೇಕು: ಸೋಮವಾರ, ಗುರುವಾರ, ಶನಿವಾರ, ಇಲ್ಲವೇ ಯಹೂದಿ ತಿಂಗಳ ಮೊದಲ ದಿನವಾದ 'ರೋಶ್ ಹೋದೆಶ್'. ಈ ರೋಶ್ ಹೋದೆಶ್ ಹಿಂದಿನಿಂದಲೂ ಹೆಂಗಸರ ದಿನ ಅಂತಲೇ ರೂಢಿ. ಹೀಗಾಗಿ ಮಗಳ ಕಾರ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮನೆಯಲ್ಲಿ ಮಾಡುವವರು ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಿ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬಾತ್, ಅಂದರೆ ವಿಶ್ರಾಂತಿ ದಿನ. ಆಚರಿಸುವ ಮನೆಯವರು ಆಗ ಕಾರು ಓಡಿಸುವುದಿಲ್ಲ, ಫೋಟೊ ತೆಗೆಯುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ಶನಿವಾರ ಸಿನಗಾಗಿಗೆ ಕರೆದಿದ್ದರೆ ಅತಿಥಿಗಳು ಫೋನ್ ಜೇಬಿನಿಂದ ಹೊರಗೆ ತೆಗೆಯಬಾರದು, ಉಡುಗೊರೆಯನ್ನೂ ಅಂದು ಒಯ್ಯಬಾರದು. ಉಪವಾಸ, ಶೋಕದ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿ ಬಿಡಿ. ನಮ್ಮಲ್ಲಿ ಪಂಚಾಂಗ ನೋಡುವ ಹಾಗೆಯೇ.

3. ಹೆಸರು

ಜಾಸ್ತಿ ಮನಸ್ತಾಪ ಹುಟ್ಟುವುದು ಇಲ್ಲಿಯೇ. ಸ್ವಲ್ಪ ನಿಧಾನವಾಗಿ ಓದಿ.

ಮಗುವಿಗೆ ದಿನಬಳಕೆಯ ಹೆಸರಿನ ಜೊತೆ ಹೀಬ್ರೂವಿನಲ್ಲಿ (ಯಹೂದಿಗಳ ಧರ್ಮಭಾಷೆ) ಒಂದು ಹೆಸರು ಇರುತ್ತದೆ. ಟೋರಾ ಮುಂದೆ ಕರೆಯುವಾಗ, ಮದುವೆಯ ಕರಾರು ಬರೆಯುವಾಗ, ಕಾಯಿಲೆ ಬಿದ್ದಾಗ ಪ್ರಾರ್ಥಿಸುವಾಗ ಬಳಸುವುದು ಆ ಹೆಸರನ್ನೇ. ಅದರ ರೂಪ ಹೀಗೆ: 'ಮಿರಿಯಂ ಬತ್ ದಾವೀದ್ ವೆ ಸಾರಾ', ಅಂದರೆ ದಾವೀದ ಮತ್ತು ಸಾರಾ ಇವರ ಮಗಳು ಮಿರಿಯಂ. 'ಬತ್' ಅಂದರೆ ಮಗಳು. ತಂದೆ ಯಹೂದಿ ಅಲ್ಲದಿದ್ದರೆ ಸಾಮಾನ್ಯವಾಗಿ ತಾಯಿಯ ಹೆಸರು ಮಾತ್ರ ಬರುತ್ತದೆ. ಕೆಲವು ರಬ್ಬಿಗಳು ತಂದೆಯ ಹೆಸರನ್ನೂ ಹಾಗೇ ಸೇರಿಸಲು ಒಪ್ಪುತ್ತಾರೆ. ಕೇಳಿ ನೋಡಿ, ಕೇಳಿದರೆ ತಪ್ಪಿಲ್ಲ.

ಈಗ ಎಚ್ಚರಿಕೆ. ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಪ್ರೀತಿ, ಅಜ್ಜಿ ಬದುಕಿದ್ದರೂ ಇಡುತ್ತೇವೆ. ಸೆಫಾರ್ದಿಗಳೂ ಹಾಗೇ, ಬದುಕಿರುವ ಅಜ್ಜಿಯ ಹೆಸರಿಡುವುದು ಅವರಲ್ಲಿ ಗೌರವ. ಅಶ್ಕೆನಾಝಿಗಳಲ್ಲಿ ಮಾತ್ರ ಇದು ಪೂರ್ತಿ ಉಲ್ಟಾ. ತೀರಿಹೋದವರ ಹೆಸರನ್ನಷ್ಟೇ ಇಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಅವರ ಆಯುಸ್ಸಿಗೆ ಕೆಡುಕು ಅನ್ನುವ ಹೆದರಿಕೆ. "ನಮ್ಮಮ್ಮನ ಹೆಸರೇ ಇಡಿ, ಪಾಪ ಅವರಿಗೂ ಖುಷಿ" ಅಂತ ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು ಬೀಗಿತ್ತಿಗೆ ಎದೆ ಝಲ್ ಅನ್ನಿಸಬಹುದು. ಇದಕ್ಕೊಂದು ದಾರಿ ಇದೆ. ಅಶ್ಕೆನಾಝಿಗಳೇ ಎಷ್ಟೋ ಸಲ ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಇಲ್ಲವೇ ಅರ್ಥ ಹೊಂದುವ ಬೇರೆ ಹೆಸರು ಹುಡುಕುತ್ತಾರೆ. ನಮ್ಮ ಮನೆಯಲ್ಲಿ ತೀರಿಹೋದ ಮುತ್ತಜ್ಜಿಯ ಹೆಸರಿನ ಅರ್ಥ ಹಿಡಿದು ಹೀಬ್ರೂ ಹೆಸರು ಆರಿಸಿದೆವು, ಎರಡೂ ಕಡೆಯವರಿಗೆ ಸಮಾಧಾನವಾಯಿತು.

ಎರಡೂ ಭಾಷೆಗೆ ಒಗ್ಗುವ ಹೆಸರು ಬೇಕೆಂದರೆ ಕೆಲವು ಇವೆ. ಮೀರಾ ಅನ್ನುವುದು ಹೀಬ್ರೂವಿನ 'ಮೇಯಿರಾ'ಗೆ ಹತ್ತಿರ, ಬೆಳಕು ಕೊಡುವವಳು ಅಂತ ಅರ್ಥ. ಮಾಯಾ ಇಸ್ರೇಲಿನಲ್ಲೂ ಹೆಣ್ಣುಮಕ್ಕಳಿಗಿಡುವ ಹೆಸರು, ನೀರು ಅನ್ನುವ ಅರ್ಥದ 'ಮಾಯಿಮ್' ಪದದ ಜೊತೆ ಅದನ್ನು ಸೇರಿಸಿ ಹೇಳುತ್ತಾರೆ.

ಇನ್ನೊಂದು ಮಾತು: ಸಮಾರಂಭಕ್ಕೆ ಮುಂಚೆ "ಹೆಸರೇನು ಅಂದುಕೊಂಡಿದ್ದೀರಿ?" ಅಂತ ಕೇಳಬೇಡಿ. ಬಹಳ ಮನೆಗಳಲ್ಲಿ ಅಂದು ಎಲ್ಲರ ಮುಂದೆ ಹೇಳುವವರೆಗೆ ಹೆಸರು ಗುಟ್ಟು. ಅಜ್ಜಿಗೂ ಹೇಳಿರುವುದಿಲ್ಲ. ಹಾಗೆಯೇ ಬಸುರಿಗೆ 'ಮಝಲ್ ತೋವ್' (ಶುಭವಾಗಲಿ) ಅನ್ನುವುದಿಲ್ಲ, 'ಬೆಶಾಅ ತೋವಾ' ಅನ್ನುತ್ತಾರೆ, ಒಳ್ಳೆಯ ಗಳಿಗೆಯಲ್ಲಿ ಆಗಲಿ ಅಂತ. ಹುಟ್ಟುವ ಮುಂಚೆ ತೊಟ್ಟಿಲು, ಬಟ್ಟೆ ತಂದು ತುಂಬುವುದೂ ಅಶ್ಕೆನಾಝಿಗಳಲ್ಲಿ ಬಹಳ ಜನಕ್ಕೆ ಆಗಿಬರುವುದಿಲ್ಲ. ಇದನ್ನು ನಮ್ಮ ಅಜ್ಜಿಯಂದಿರಿಗೆ ವಿವರಿಸಬೇಕಾಗಿಯೇ ಇಲ್ಲ.

4. ಸಮಾರಂಭದ ಕ್ರಮ ಬರೆದುಕೊಳ್ಳಿ

ರಬ್ಬಿ ಇದ್ದರೆ ಒಳ್ಳೆಯದು, ಆದರೆ ಕಡ್ಡಾಯವಲ್ಲ. ತಂದೆತಾಯಿಯೇ ನಡೆಸಬಹುದು. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು, ಅದಕ್ಕಿಂತ ಎಳೆದರೆ ಮಗು ಅತ್ತು ಕರೆದು ಮುಗಿಸಿಬಿಡುತ್ತದೆ. ಮಗುವಿಗೆ ಹಾಲೂಡಿಸಿ ಆದ ಮೇಲೆ ಶುರುಮಾಡಿ. ಹೀಗೊಂದು ಕ್ರಮ:

ಅ) ಬಾಗಿಲಿನಿಂದ ಮಗುವನ್ನು ಒಳಗೆ ತರುವುದು. ಬಾಗಿಲಲ್ಲಿ ಒಬ್ಬರು, ನಡುವೆ ಇಬ್ಬರು, ಕೊನೆಗೆ ಅಜ್ಜಿ, ಹೀಗೆ ಕೈಯಿಂದ ಕೈಗೆ ದಾಟಿಸಿ. ನೆರೆದವರು 'ಬ್ರುಖಾ ಹಬಾಆ' ಅನ್ನುತ್ತಾರೆ, ಬಂದವಳಿಗೆ ಸ್ವಾಗತ ಅಂತ.

ಆ) ದೀಪ ಹಚ್ಚುವುದು. ಮೇಣದ ಬತ್ತಿ ಸಾಕು, ಮಗುವಿನಿಂದ ದೂರ ಇಡಿ.

ಇ) ಒಡಂಬಡಿಕೆಗೆ ಸೇರಿಸಿಕೊಳ್ಳುವುದು. ಇದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ಕೆಲವರು ಮಗುವನ್ನು 'ತಲ್ಲಿತ್' ಅನ್ನುವ ಪ್ರಾರ್ಥನೆಯ ಶಾಲಿನಲ್ಲಿ ಸುತ್ತುತ್ತಾರೆ. ಕೆಲವರು ಪುಟ್ಟ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾರೆ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮ ಮನೆಗೆ ಬಂದ ಅಪರಿಚಿತರಿಗೆ ಕಾಲು ತೊಳೆಯಲು ನೀರು ಕೊಡಿಸಿದ ನೆನಪಿಗೆ. ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವ ಮನೆಗಳಲ್ಲಿ ಬೆಳೆದ ನಮಗೆ ಇದು ಯಾರೂ ಹೇಳದೆಯೇ ಅರ್ಥವಾಗುತ್ತದೆ.

ನಮ್ಮ ಮನೆಯಲ್ಲಿ ತಲ್ಲಿತ್ ಸುತ್ತಿದರು. ಅತ್ತಿಗೆಯ ತಾತನದು, ಅಂಚು ಹಳದಿಗಟ್ಟಿತ್ತು. ಒಳಗೆ ಮೈಗೆ ತಾಗುವ ಹಾಗೆ ನಮ್ಮಮ್ಮನ ಹಳೆಯ ಹತ್ತಿ ಸೀರೆಯ ತುಂಡು, ತೊಳೆದೂ ತೊಳೆದೂ ಮೆತ್ತಗಾಗಿದ್ದದ್ದು. ತಲ್ಲಿತ್‌ನ ಮೂಲೆಯಲ್ಲಿ ಗಂಟು ಹಾಕಿದ ದಾರದ ಕುಚ್ಚು ಇರುತ್ತದೆ, 'ತ್ಸಿತ್ಸಿತ್' ಅನ್ನುತ್ತಾರೆ. ಮಗು ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದು ಊಟದ ಹೊತ್ತಿನವರೆಗೂ ಬಿಡಲಿಲ್ಲ.

ಈ) ಹೆಸರಿಡುವ ಪ್ರಾರ್ಥನೆ. 'ಮಿ ಶೆಬೇರಖ್' ಅಂತ ಶುರುವಾಗುತ್ತದೆ, 'ಆಶೀರ್ವದಿಸಿದವನು' ಅಂತ ಅರ್ಥ. ಮೂಲತಾಯಂದಿರಾದ ಸಾರಾ, ರೆಬೆಕ್ಕ, ರಾಹೇಲ, ಲೇಯಾ ಇವರನ್ನು ಆಶೀರ್ವದಿಸಿದವನು ಈ ಮಗುವನ್ನೂ ಆಶೀರ್ವದಿಸಲಿ ಅಂತ ಹೇಳಿ, ಹೀಬ್ರೂ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಕೂಗುತ್ತಾರೆ. ಸೆಫಾರ್ದಿಗಳಾದರೆ ಇದಕ್ಕೆ ಮುಂಚೆ ಬೈಬಲಿನ ಪರಮಗೀತೆಯ 2:14, 'ಬಂಡೆಯ ಬಿರುಕಿನಲ್ಲಿರುವ ನನ್ನ ಪಾರಿವಾಳವೇ' ಅನ್ನುವ ಸಾಲು ಹಾಡುತ್ತಾರೆ. ಮಗು ಬೆಳೆದು 'ಟೋರಾ, ಹುಪ್ಪಾ, ಒಳ್ಳೆಯ ಕೆಲಸ' ಈ ಮೂರನ್ನೂ ಕಾಣಲಿ ಅನ್ನುವುದು ಹಾರೈಕೆ. ಓದು, ಮದುವೆಯ ಚಪ್ಪರ, ಸತ್ಕಾರ್ಯ ಅಂತ ಇಟ್ಟುಕೊಳ್ಳಿ. ಚಪ್ಪರದ ಮಾತು ಬಂದಾಗ ಇದೂ ನೆನಪಾಗುತ್ತದೆ: ಹಿಂದೆ ಗಂಡು ಹುಟ್ಟಿದರೆ ದೇವದಾರು, ಹೆಣ್ಣು ಹುಟ್ಟಿದರೆ ಸೈಪ್ರೆಸ್ ಗಿಡ ನೆಟ್ಟು, ಮದುವೆಗೆ ಅದರದೇ ಕೊಂಬೆಯಿಂದ ಚಪ್ಪರ ಕಟ್ಟುತ್ತಿದ್ದರು ಅಂತ ಯಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಹೇಳುತ್ತದೆ. ಹಿತ್ತಲಿದ್ದವರು ಈಗಲೂ ಒಂದು ಗಿಡ ನೆಡಬಹುದು.

ಉ) ಹೆಸರಿನ ಕಥೆ. ತಾಯಿಯೋ ತಂದೆಯೋ ಎದ್ದು ನಿಂತು, ಈ ಹೆಸರು ಯಾರದು, ಅವರು ಎಂಥವರಾಗಿದ್ದರು, ಯಾಕೆ ಆರಿಸಿದೆವು ಅಂತ ಹೇಳುತ್ತಾರೆ. ಇಡೀ ಸಮಾರಂಭದ ಜೀವ ಇದೇ. ಇದನ್ನು ಮಾತ್ರ ಚುಟುಕಾಗಿ ಮುಗಿಸಬೇಡಿ, ಬಾಯಿಗೆ ಬಂದದ್ದು ಹೇಳೋಣ ಅಂತಲೂ ಬಿಡಬೇಡಿ. ಕಾಗದದಲ್ಲಿ ಬರೆದುಕೊಳ್ಳಿ, ನಿದ್ದೆಗೆಟ್ಟ ತಾಯಿಗೆ ನಡುವೆ ಗಂಟಲು ಕಟ್ಟುತ್ತದೆ. ಆಗ ಪಕ್ಕದವರು ಕಾಗದ ತೆಗೆದುಕೊಂಡು ಓದಿ ಮುಗಿಸಬಹುದು.

ಊ) ಕೊನೆಗೆ 'ಶೆಹೆಹೆಯಾನು', ನಮ್ಮನ್ನು ಬದುಕಿಸಿ ಉಳಿಸಿ ಈ ಗಳಿಗೆ ಮುಟ್ಟಿಸಿದ್ದಕ್ಕೆ ಸ್ತೋತ್ರ. ಆಮೇಲೆ ಹೆತ್ತವರು ಮಗುವಿನ ತಲೆ ಮೇಲೆ ಕೈಯಿಟ್ಟು ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯದ ಆಶೀರ್ವಾದ ಹೇಳುತ್ತಾರೆ. ದ್ರಾಕ್ಷಾರಸದ ಒಂದು ಹನಿ ಮಗುವಿನ ತುಟಿಗೆ ಮುಟ್ಟಿಸುವವರೂ ಇದ್ದಾರೆ. ಎಲ್ಲರೂ 'ಸಿಮನ್ ತೋವ್ ಉ ಮಝಲ್ ತೋವ್' ಹಾಡಿಕೊಂಡು ಚಪ್ಪಾಳೆ ತಟ್ಟುತ್ತಾರೆ. ಹಾಡಿನಲ್ಲಿ ಇದೇ ಸಾಲು ತಿರುಗಿ ತಿರುಗಿ ಬರುವುದರಿಂದ ಎರಡನೇ ಸುತ್ತಿಗೆ ನೀವೂ ಸೇರಿಕೊಳ್ಳುತ್ತೀರಿ.

ಹೆರಿಗೆಯ ಅಪಾಯ ದಾಟಿದ್ದಕ್ಕೆ ತಾಯಿ ಹೇಳುವ 'ಬಿರ್ಕತ್ ಹಗೋಮೆಲ್' ಸ್ತೋತ್ರವನ್ನೂ ಅಂದೇ ಸೇರಿಸುವುದಾದರೆ 'ಮಿನ್ಯನ್' ಬೇಕು, ಅಂದರೆ ಪ್ರಾಯಕ್ಕೆ ಬಂದ ಹತ್ತು ಮಂದಿ ಯಹೂದಿಗಳು. ಆರ್ಥೊಡಾಕ್ಸ್‌ನಲ್ಲಿ ಹತ್ತೂ ಗಂಡಸರೇ ಆಗಬೇಕು. ಗೆಳೆಯರ ಪಟ್ಟಿ ಮಾಡುವಾಗಲೇ ಎಣಿಸಿಕೊಳ್ಳಿ. ಒಂಬತ್ತು ಜನ ಸೇರಿ ಹತ್ತನೆಯವರಿಗೆ ಕಾಯುವುದು ಬಹಳ ಕಷ್ಟ.

ಕ್ರಮವನ್ನು ಒಂದೆರಡು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಡಿ. ಹೀಬ್ರೂ ಸಾಲು, ಅದರ ಉಚ್ಚಾರ, ಅರ್ಥ ಮೂರೂ ಇರಲಿ. ನಾವು ಊರಿಂದ ಬಂದ ಅಪ್ಪ ಅಮ್ಮನಿಗಾಗಿ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೆವು. ಹೀಬ್ರೂವಿನ ಗಂಟಲಿನ 'ಹ'ಗೆ ಸರಿಯಾದ ಅಕ್ಷರ ನಮ್ಮಲ್ಲಿಲ್ಲ, ಆದರೂ ಇಂಗ್ಲಿಷ್ ಲಿಪಿಗಿಂತ ಎಷ್ಟೋ ಮೇಲು. ಅಪ್ಪ ಒಂದು ಸಾಲೂ ತಪ್ಪದೆ ಹೇಳಿದರು. ಗಮನಿಸಿ: ದೇವರ ಹೆಸರನ್ನು ಹೀಬ್ರೂವಿನಲ್ಲಿ ಪೂರ್ತಿ ಅಚ್ಚು ಹಾಕಿದ ಹಾಳೆಯನ್ನು ಕಸಕ್ಕೆ ಹಾಕುವಂತಿಲ್ಲ. ಅದನ್ನು ಸಿನಗಾಗಿಗೆ ಕೊಟ್ಟರೆ ಮಣ್ಣಲ್ಲಿ ಹೂಳುತ್ತಾರೆ.

5. ಗೆಳೆಯರಿಗೂ ಕೆಲಸ ಕೊಡಿ

ಜನರನ್ನು ಕರೆದು ಸುಮ್ನೆ ಕುರ್ಚಿಯಲ್ಲಿ ಕೂರಿಸಬೇಡಿ. ಯಹೂದಿಗಳಲ್ಲದ ಗೆಳೆಯರೂ ಮಾಡಬಹುದಾದ ಕೆಲಸ ಬೇಕಷ್ಟಿವೆ. ಮಗುವನ್ನು ಕೈಯಿಂದ ಕೈಗೆ ದಾಟಿಸುವುದು, ದೀಪ ಹಿಡಿಯುವುದು, ಏಳು ಜನ ಒಬ್ಬೊಬ್ಬರು ಒಂದೊಂದು ಹಾರೈಕೆ ಓದುವುದು. ನನಗೆ ತುಂಬ ಇಷ್ಟವಾದದ್ದು ಅಕ್ಷರದ ಓದು. ಬೈಬಲಿನ ಕೀರ್ತನೆ 119ರಲ್ಲಿ ಹೀಬ್ರೂವಿನ 22 ಅಕ್ಷರಗಳಿಗೂ ತಲಾ ಎಂಟು ಸಾಲು, ಒಟ್ಟು 176. ಮಗುವಿನ ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು ಆರಿಸಿ ಗೆಳೆಯರಿಗೆ ಹಂಚಿದರೆ, ಹೆಸರನ್ನು ಎಲ್ಲರೂ ಸೇರಿ ಕಟ್ಟಿದ ಹಾಗಾಗುತ್ತದೆ. ಹೀಬ್ರೂ ಬಾರದವರು ಕನ್ನಡದಲ್ಲೇ ಓದಲಿ.

ಎಚ್ಚರ: ಹೀಬ್ರೂ ಸ್ತೋತ್ರಗಳನ್ನು ('ಬಾರುಖ್ ಅತಾ' ಅಂತ ಶುರುವಾಗುವವು) ಯಹೂದಿಗಳೇ ಹೇಳಲಿ ಅನ್ನುವುದು ಹೆಚ್ಚಿನ ರಬ್ಬಿಗಳ ಅಭಿಪ್ರಾಯ. ಕವಿತೆ, ಹಾರೈಕೆ, ಜೋಗುಳ ಯಾರ ಬಾಯಲ್ಲಾದರೂ ಸರಿ. ಯಾರಿಗೆ ಯಾವ ಕೆಲಸ ಅಂತ ಒಂದು ವಾರ ಮುಂಚೆ ಹೇಳಿಬಿಡಿ.

6. ಊಟ

ಸಮಾರಂಭದ ಊಟಕ್ಕೆ 'ಸೆಉದತ್ ಮಿತ್ಸ್ವಾ' ಅಂತ ಹೆಸರು, ಅದೂ ಕಾರ್ಯದ ಭಾಗವೇ. ಅಮೆರಿಕದ ಅಶ್ಕೆನಾಝಿ ಮನೆಗಳಲ್ಲಿ ಭಾನುವಾರ ಬೆಳಗಿನ ಕಾರ್ಯಕ್ಕೆ ಬೇಗಲ್, ಕ್ರೀಮ್ ಚೀಸ್, ಹೊಗೆ ಹಾಕಿದ ಸಾಮನ್ ಮೀನು, ನೂಡಲ್ಸಿನ ಸಿಹಿ ಕುಗಲ್, ರುಗಲಾಖ್ ಅನ್ನುವ ಸುರುಳಿ ಬಿಸ್ಕತ್ತು ಇರುತ್ತವೆ. ಸೆಫಾರ್ದಿ ಮನೆಗಳಲ್ಲಿ ಸಕ್ಕರೆ ಲೇಪಿಸಿದ ಬಾದಾಮಿ ಹಂಚುತ್ತಾರೆ.

ನಮ್ಮವರು ಎಡವುವುದು ಇಲ್ಲಿ: "ನಾವು ವೆಜ್, ನಮ್ಮ ಅಡುಗೆಯಲ್ಲಿ ಮಾಂಸವೇ ಇಲ್ಲ, ಮತ್ತೇನು ತೊಂದರೆ?" ತೊಂದರೆ ಇದೆ. ಶಾಕಾಹಾರ ಬೇರೆ, ಕೋಶರ್ ಬೇರೆ. ಕೋಶರ್ ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಹಾಲು, ಮಾಂಸ ಒಟ್ಟಿಗೆ ಸೇರುವಂತಿಲ್ಲ, ಪಾತ್ರೆಗಳೂ ಬೇರೆ ಬೇರೆ. ಅವರ ಊಟದಲ್ಲಿ ಕೋಳಿ ಇದ್ದರೆ ನಿಮ್ಮ ತುಪ್ಪದ ಮೈಸೂರು ಪಾಕ್ ಆ ಮೇಜಿಗೇ ಬರುವಂತಿಲ್ಲ, ತುಪ್ಪ ಹಾಲಿನ ಲೆಕ್ಕಕ್ಕೆ ಸೇರುತ್ತದೆ. ಚೀಸ್‌ಗೆ, ದ್ರಾಕ್ಷಾರಸಕ್ಕೆ ಕೋಶರ್ ಮುದ್ರೆ ಬೇಕು. ಸೊಪ್ಪನ್ನು ಹುಳ ನೋಡಿ ಆರಿಸಿರಬೇಕು. ಎಲ್ಲಕ್ಕಿಂತ ಮುಖ್ಯ, ಕೋಶರ್ ಅಲ್ಲದ ಅಡುಗೆಮನೆಯ ಪಾತ್ರೆಯಲ್ಲಿ ಬೆಂದ ಪದಾರ್ಥವನ್ನು ಆಚರಿಸುವ ಮನೆಯವರು ತಿನ್ನುವುದಿಲ್ಲ. ಮಡಿ ಅಡುಗೆ ನೋಡಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಮೊದಲ ಸಲ ನಾನು ಒಂದು ಡಬ್ಬಿ ಒಬ್ಬಟ್ಟು ಮಾಡಿಕೊಂಡು ಹೋಗಿದ್ದೆ. ಅತ್ತಿಗೆಯ ಅಮ್ಮ ಪ್ರೀತಿಯಿಂದ ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಟ್ಟರು, ಅದು ತೆರೆಯಲೇ ಇಲ್ಲ. ಯಾರ ತಪ್ಪೂ ಅಲ್ಲ, ಕೇಳಬೇಕಿತ್ತು ಅಷ್ಟೇ.

ಹಾಗಾದರೆ ಏನು ಒಯ್ಯಬಹುದು? ಹೆಚ್ಚದ, ಇಡೀ ಹಣ್ಣುಗಳು. ಹೂವು. ಮುದ್ರೆಯಿರುವ, ಒಡೆಯದ ಪ್ಯಾಕೆಟ್. ವೃತ್ತದೊಳಗೆ 'ಯು' ಅಕ್ಷರದ ಗುರುತು ಅಮೆರಿಕದಲ್ಲಿ ಎಲ್ಲ ಕಡೆ ಸಿಗುತ್ತದೆ, ಇಂಡಿಯನ್ ಅಂಗಡಿಯ ಕೆಲವು ಪ್ಯಾಕೆಟ್‌ಗಳ ಮೇಲೂ ಇದೆ. ಗುರುತಿನ ಪಕ್ಕ 'ಡಿ' ಇದ್ದರೆ ಹಾಲಿನದು ಅಂತ. 'ಪಾರೆವ್' ಅಂದರೆ ಹಾಲೂ ಅಲ್ಲ ಮಾಂಸವೂ ಅಲ್ಲ, ಎರಡರ ಜೊತೆಗೂ ನಡೆಯುತ್ತದೆ. ನಾವು ಕೊನೆಗೆ ರಬ್ಬಿಯನ್ನು ಕೇಳಿ, ಕಾಗದದ ಪುಟ್ಟ ಕಪ್ಪುಗಳಲ್ಲಿ ಕಲ್ಲುಸಕ್ಕರೆ ಇಟ್ಟೆವು. ಬಂದ ಮಕ್ಕಳೆಲ್ಲ ಅದರ ಸುತ್ತಲೇ ಇದ್ದರು.

ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ: ಹಾಲಿನ ಊಟವನ್ನೇ ಇಟ್ಟುಕೊಳ್ಳಿ, ಕೋಶರ್ ಅಡುಗೆಯವರಿಂದ ತರಿಸಿ, ಬಳಸಿ ಬಿಸಾಡುವ ತಟ್ಟೆ ಲೋಟ ಇಡಿ. ಆಗ ಅಶ್ಕೆನಾಝಿ ಅಜ್ಜಿಯೂ ನಿಮ್ಮ ಊರಿನ ಅಜ್ಜಿಯೂ ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು. ಮೀನನ್ನು ಬೇರೆ ಮೇಜಿಗೆ ಸರಿಸಿ. ದ್ರಾಕ್ಷಾರಸ ಕೊಳ್ಳುವಾಗ 'ಮೆವುಶಾಲ್' ಅಂತ ಬರೆದಿರುವುದನ್ನೇ ತನ್ನಿ, ಅಂದರೆ ಕಾಯಿಸಿದ್ದು. ಮೆವುಶಾಲ್ ಅಲ್ಲದ್ದನ್ನು ಯಹೂದಿಯಲ್ಲದವರು ಬಡಿಸಿದರೆ ಕಟ್ಟುನಿಟ್ಟಿನವರು ಕುಡಿಯುವುದಿಲ್ಲ. ಗೊತ್ತಿಲ್ಲದೆ ಬಾಟಲಿ ಎತ್ತಿಕೊಂಡು ಬಡಿಸಲು ಹೊರಟ ಗೆಳೆಯನಿಗೆ ಮುಜುಗರವಾಗುವುದು ಬೇಡ. ಮಾರ್ಚ್-ಏಪ್ರಿಲ್‌ನ ಪಾಸ್‌ಓವರ್ ಹಬ್ಬದ ಎಂಟು ದಿನ ಬ್ರೆಡ್ಡು, ಬಿಸ್ಕತ್ತು ಯಾವುದೂ ಇಲ್ಲ. ಅಶ್ಕೆನಾಝಿ ಮನೆಗಳಲ್ಲಿ ಎಷ್ಟೋ ಜನ ಅಕ್ಕಿ, ಬೇಳೆಯನ್ನೂ ಮುಟ್ಟುವುದಿಲ್ಲ. ಆ ವಾರ ಸಮಾರಂಭವನ್ನೇ ಇಟ್ಟುಕೊಳ್ಳಬೇಡಿ.

7. ಉಡುಗೊರೆ

ದುಡ್ಡು ಕೊಡುವುದಾದರೆ 18ರ ಮಗ್ಗಿಯಲ್ಲಿ ಕೊಡಿ: 18, 36, 54, 180 ಡಾಲರ್. ಹೀಬ್ರೂ ಅಕ್ಷರಗಳಿಗೆ ಬೆಲೆ ಇದೆ. 'ಹೆತ್'ಗೆ 8, 'ಯೋದ್'ಗೆ 10. ಎರಡೂ ಸೇರಿದರೆ 'ಹಾಯ್', ಅಂದರೆ ಜೀವ ಇರುವ. ನಾವು 101, 501 ಅಂತ ಒಂದು ರೂಪಾಯಿ ಸೇರಿಸುವ ಹಾಗೆ. ಪುಟ್ಟ ಬೆಳ್ಳಿ ಬಟ್ಟಲು, ಬಟ್ಟೆ, ಮಕ್ಕಳ ಪುಸ್ತಕ ಎಲ್ಲವೂ ಸರಿ.

ದೇವರ ಮೂರ್ತಿ ಕೊಡಬೇಡಿ, ಗಣೇಶನ ಬೆಳ್ಳಿ ವಿಗ್ರಹವಿರಲಿ, ಕೃಷ್ಣನ ಪಟವಿರಲಿ. ವಿಗ್ರಹ ಕೂಡದು ಅನ್ನುವುದು ಅವರ ಧರ್ಮದ ಬುಡದಲ್ಲಿರುವ ಮಾತು. ಕೊಟ್ಟರೆ ಅವರು ನಗುತ್ತಲೇ ತೆಗೆದುಕೊಳ್ಳುತ್ತಾರೆ, ಆದರೆ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ.

8. ಹೋಗುವಾಗ

ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಸೀರೆ, ಚೂಡಿದಾರ್ ಚೆನ್ನಾಗಿಯೇ ಒಪ್ಪುತ್ತದೆ. ಗಂಡಸರು ಸಿನಗಾಗಿನಲ್ಲಿ 'ಕಿಪ್ಪಾ' ಅನ್ನುವ ಪುಟ್ಟ ಟೋಪಿ ಹಾಕಬೇಕು, ಬಾಗಿಲ ಬಳಿ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಬೇರೆ ಧರ್ಮದವರೂ ಹಾಕಿಕೊಳ್ಳುವುದು ಗೌರವ. ಚಪ್ಪಲಿ ಬಿಡಬೇಡಿ, ಅಲ್ಲಿ ಆ ರೂಢಿ ಇಲ್ಲ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗಿಗೆ ಹೋದವರು ಅಲ್ಲಿ ಬರಿಗಾಲಲ್ಲಿ ಒಳಗೆ ಹೋದದ್ದನ್ನು ನೆನೆದು ಗೊಂದಲಪಡುತ್ತಾರೆ. ಅದು ಕೊಚ್ಚಿಯವರ ರೂಢಿ.

ಆರ್ಥೊಡಾಕ್ಸ್ ಮನೆಗಳಲ್ಲಿ ಗಂಡಸರು ಹೆಂಗಸರು ಕೈ ಕುಲುಕುವುದಿಲ್ಲ. ಕೈ ಮುಂದೆ ಚಾಚುವ ಬದಲು ನಮಸ್ಕಾರ ಮಾಡಿಬಿಡಿ, ಯಾರಿಗೂ ಇರುಸುಮುರುಸಿಲ್ಲ. ಕೂರುವ ಜಾಗವೂ ಬೇರೆ ಬೇರೆ ಇರಬಹುದು. ಕೆಮ್ಮು, ನೆಗಡಿ ಇದ್ದರೆ ಹೋಗಲೇಬೇಡಿ. ಕೈ ತೊಳೆಯದೆ ಮಗುವನ್ನು ಮುಟ್ಟಬೇಡಿ.

ಮಗುವನ್ನು ನೋಡಿ "ಅಯ್ಯೋ ಎಷ್ಟು ಚೆಂದ!" ಅಂತ ಹೊಗಳಿದರೆ ಅಜ್ಜಿಯೊಬ್ಬರು 'ಕೆನಹೋರಾ' ಅಂದಾರು. ಕೆಟ್ಟ ಕಣ್ಣು ಬೀಳದಿರಲಿ ಅನ್ನುವ ಮಾತು, ಅಶ್ಕೆನಾಝಿಗಳ ಯಿಡ್ಡಿಷ್ ಭಾಷೆಯಲ್ಲಿ. ದೃಷ್ಟಿಯ ಭಯ ಅವರಿಗೂ ಇದೆ. ಹಾಗಂತ ಕಾಡಿಗೆ ಡಬ್ಬಿ ತೆಗೆದು ಕೆನ್ನೆಗೆ ಬೊಟ್ಟಿಡಲು ಹೋಗಬೇಡಿ, ಹೆತ್ತವರನ್ನು ಕೇಳಿ.

9. ನಮ್ಮ ನಾಮಕರಣವೂ ಬೇಕು ಅನ್ನುವವರಿಗೆ

ಬೇರೆ ದಿನ ಮಾಡಿ. ಎರಡನ್ನೂ ಒಂದೇ ಬೆಳಗ್ಗೆ ಬೆರೆಸಿದರೆ ಪುರೋಹಿತರಿಗೂ ರಬ್ಬಿಗೂ ಸರಿಹೋಗುವುದಿಲ್ಲ, ಮಗುವಿಗಂತೂ ಸುಸ್ತು. ಇದನ್ನು ಅಮ್ಮನಿಗೆ ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. ಆದರೆ ಪೂಜೆಯ ಭಾಗವಲ್ಲದ ನಮ್ಮ ಪದ್ಧತಿಗಳನ್ನು ಕೇಳಿಕೊಂಡು ಸೇರಿಸಬಹುದು. ನಮ್ಮಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದುಂಟಲ್ಲ? ಹೀಬ್ರೂ ಹೆಸರನ್ನು ಎಲ್ಲರ ಮುಂದೆ ಕೂಗಿದ ಮೇಲೆ, ಅತ್ತಿಗೆಯೇ ನನ್ನನ್ನು ಕರೆದು ಮಗುವನ್ನು ಕೈಗಿತ್ತರು. ನಾನು ಅದೇ ಹೆಸರನ್ನು ಮೂರು ಸಲ ಕಿವಿಯಲ್ಲಿ ಹೇಳಿದೆ. ತೊಟ್ಟಿಲು ತೂಗಿ ಜೋಗುಳ ಹಾಡುವುದೂ ಸರಿ. ದಕ್ಷಿಣ ಜರ್ಮನಿ, ಫ್ರಾನ್ಸಿನ ಅಲ್ಸೇಸ್ ಕಡೆಯ ಯಹೂದಿಗಳಲ್ಲಿ 'ಹೋಲೆಕ್ರಾಶ್' ಅಂತ ಹಳೆಯ ರೂಢಿಯಿತ್ತು: ನೆರೆಹೊರೆಯ ಮಕ್ಕಳು ಸೇರಿ ತೊಟ್ಟಿಲನ್ನು ಮೇಲೆತ್ತಿ, ಮಗುವಿಗೆ ಏನು ಹೆಸರು ಅಂತ ಕೂಗುತ್ತಿದ್ದರು. ನಿಮ್ಮ ಬೀಗರು ಆ ಕಡೆಯವರಾದರೆ ನೆನಪಿಸಿ, ಮಕ್ಕಳಿಗೆ ತುಂಬ ಖುಷಿಯಾಗುತ್ತದೆ.

10. ಮುಗಿದ ಮೇಲೆ

ಹೀಬ್ರೂ ಹೆಸರನ್ನು ಹೀಬ್ರೂ ಅಕ್ಷರದಲ್ಲೇ, ಕಾಗುಣಿತ ಸರಿಯಾಗಿ ಬರೆಸಿಟ್ಟುಕೊಳ್ಳಿ. ಎಷ್ಟೋ ಜನ ಇದನ್ನು ಬಿಡುತ್ತಾರೆ. ಹನ್ನೆರಡು ಹದಿಮೂರು ವರ್ಷಕ್ಕೆ ಮಗಳ ಬತ್ ಮಿತ್ಸ್ವಾ (ಪ್ರಾಯಕ್ಕೆ ಬಂದ ಸಮಾರಂಭ) ಬಂದಾಗ ಹುಡುಕಾಡುತ್ತಾರೆ. ಸಿನಗಾಗಿನವರು ಪ್ರಮಾಣಪತ್ರ ಕೊಟ್ಟರೆ ಜೋಪಾನ ಮಾಡಿ. ಹುಟ್ಟಿದ ಹೀಬ್ರೂ ತಾರೀಖನ್ನೂ ಬರೆದಿಡಿ. ಯಹೂದಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ, ಹಾಗಾಗಿ ಸಂಜೆ ಕತ್ತಲಾದ ಮೇಲೆ ಹುಟ್ಟಿದ ಮಗುವಿಗೆ ಮರುದಿನದ ತಾರೀಖು. ಆಸ್ಪತ್ರೆಯ ಚೀಟಿಯಲ್ಲಿರುವ ಹೊತ್ತನ್ನೂ, ಆ ಊರಲ್ಲಿ ಅಂದು ಸೂರ್ಯ ಮುಳುಗಿದ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿ ಬರೆಯಿರಿ. ಹೆಸರಿನ ಕಥೆ ಓದಿದ ಆ ಕಾಗದವನ್ನು ಇದರ ಜೊತೆಗೇ ಒಂದು ಲಕೋಟೆಯಲ್ಲಿ ಹಾಕಿಡಿ.